ಜೀಪಿನ ಅಡಿಗೆ ಮಲಗಿ ನೋಡಿದ ಮೇಲೆ

2024ರ ಏಪ್ರಿಲ್. ನಮ್ಮ 2009ರ ಡೀಸೆಲ್ ಜೀಪು 2,70,000 ಕಿ.ಮೀ. ದಾಟಿತ್ತು. ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ, 14 ತಿರುವು ಮುಗಿಯುವ ಮೊದಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಎತ್ತಿದರೆ ಕೂಲೆಂಟ್ ಬಾಟಲಿಯಲ್ಲಿ ಗುಳಗುಳ ಗುಳ್ಳೆ.

"ಗೌಡ್ರೇ, ಫುಲ್ ಇಂಜಿನ್ ಕೆಲಸ. 80,000 ಆಗುತ್ತೆ. ಸುಮ್ನೆ ಗುಜರಿಗೆ ಕೊಡಿ" ಅಂದರು ಒಬ್ಬ ಮೇಸ್ತ್ರಿ. 15 ವರ್ಷ ತುಂಬಿ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸುವ ಕಾಲ ಬೇರೆ ಬಂದಿತ್ತು. ಮಗನಿಗೆ ಹೊಸ ಗಾಡಿಯ ಆಸೆ.

ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಅನ್ನುವವರೇ ಜಾಸ್ತಿ. ನನಗೆ ಆ ಲೆಕ್ಕ ಒಗ್ಗಲಿಲ್ಲ. ಜೀಪಿಗೆ ಒಂದೂವರೆ ಲಕ್ಷದ ಮೇಲೆ ಯಾರೂ ಕೊಡುತ್ತಿರಲಿಲ್ಲ, ನಿಜ. ಆದರೆ ಆ ದುಡ್ಡಿಗೆ ತೋಟದ ದಾರಿಯಲ್ಲಿ ಗೊಬ್ಬರ ಹೊರುವ ಇನ್ನೊಂದು ಗಾಡಿ ನನಗೆ ಸಿಗುತ್ತಿತ್ತಾ? ಹೊಸದಕ್ಕೆ ಎಂಟು ಲಕ್ಷ ಸಾಲ ಮಾಡಿದರೆ ಐದು ವರ್ಷ ತಿಂಗಳಿಗೆ 17,000ದ ಹತ್ತಿರ ಕಂತು. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಕೊಳೆರೋಗ ಬಂದ ವರ್ಷವಂತೂ ಕೇಳುವುದೇ ಬೇಡ.

ಹಾಗಾಗಿ ಮೊದಲು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಗೆ ಹೋದೆ. ನಮ್ಮ ಮಳೆಯಲ್ಲಿ ಗಾಡಿ ಸಾಯುವುದು ಇಂಜಿನ್ನಿನಿಂದಲ್ಲ, ತುಕ್ಕಿನಿಂದ. ಕೆಸರು ಕೆರೆದು, ಚಾಸಿಯನ್ನು (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಉದ್ದಕ್ಕೂ ಕುಟ್ಟಿ, ಚುಚ್ಚಿ ನೋಡಿದೆ. ಹಿಂದಿನ ಕಮಾನು ಪ್ಲೇಟ್ ಕೂರುವ ಜಾಗದಲ್ಲಿ ಎರಡೆರಡು ಸಲ. ಟಣ್ ಟಣ್ ಅಂತಿತ್ತು. ಎಲ್ಲೂ ಒಳಗೆ ಇಳಿಯಲಿಲ್ಲ. ಇಳಿದಿದ್ದರೆ ಅವತ್ತೇ ಗುಜರಿ. ಅಪ್ಪ ಪ್ರತಿ ಮೇ ತಿಂಗಳು ಚಾಸಿಗೆ ಸುಟ್ಟ ಆಯಿಲ್ ಬಳಿಯುತ್ತಿದ್ದರು. ಅಂಗಳವೆಲ್ಲ ಕಲೆ ಅಂತ ಆಗ ಬೈಯುತ್ತಿದ್ದವನು ನಾನೇ. (ರಬ್ಬರ್ ಬುಷ್‌ಗೆ ಮಾತ್ರ ತಾಗಿಸಬಾರದು, ಉಬ್ಬಿಹೋಗುತ್ತದೆ.) ಡ್ರೈವರ್ ಕಾಲಡಿಯ ತಗಡು ಮಾತ್ರ ಹಪ್ಪಳವಾಗಿತ್ತು.

ಆಮೇಲೆ ಇಂಜಿನ್. ಐಡ್ಲಿಂಗಿನಲ್ಲಿ ಆಯಿಲ್ ಕ್ಯಾಪ್ ತೆಗೆದು ನೋಡಿದೆ. ಅಲ್ಲಿಂದ ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್, ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆ ಅಂತ. ಅಷ್ಟೇನೂ ಬರಲಿಲ್ಲ. ಗಾಡಿ ಎಳೆಸಿಕೊಂಡು ಶಿವಮೊಗ್ಗಕ್ಕೆ ಹೋಗಿ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಪರೀಕ್ಷೆ, ಮಾಡಿಸಿದೆ. ಒಂದು, ನಾಲ್ಕನೇ ಸಿಲಿಂಡರ್ ಸರಿಯಿದ್ದವು. ಮಧ್ಯದ ಎರಡರಲ್ಲಿ ಮಾತ್ರ ಕಮ್ಮಿ. ಅಕ್ಕಪಕ್ಕದ ಎರಡರಲ್ಲೇ ಒತ್ತಡ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ತೆಳು ಹಾಳೆ) ಹೋಗಿರುವುದೇ ಹೆಚ್ಚು. ಕೂಲೆಂಟಿನ ಗುಳ್ಳೆಗೂ ಅದೇ ಕಾರಣ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಅಲ್ಲೇ ಸುಟ್ಟಿತ್ತು.

ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು), ಹೊಸ ಗ್ಯಾಸ್ಕೆಟ್, ರೇಡಿಯೇಟರ್ ಕ್ಲೀನಿಂಗ್, ಕೂಲಿ ಎಲ್ಲಾ ಸೇರಿ 22,000. ತಗಡಿನ ವೆಲ್ಡಿಂಗ್‌ಗೆ 6,000. ಆರ್‌ಸಿ (ನೋಂದಣಿ) ರಿನ್ಯೂವಲ್ ಶುಲ್ಕ 5,000. ಈಗ 2029ರವರೆಗೆ ಚಿಂತೆಯಿಲ್ಲ.

ಆದರೂ ರಾತ್ರಿ ಮಣಿಪಾಲಕ್ಕೆ ಹೋಗಬೇಕಾಗಿ ಬಂದರೆ ನನ್ನ ಹೆಂಡತಿ ಟ್ಯಾಕ್ಸಿಯನ್ನೇ ಕರೆಸುತ್ತಾಳೆ.