ಊರಿಗಿಂತ ಮೊದಲು ಕೋಣೆ: ಯೇನಾ ಆರಿಸಿದ ಲೆಕ್ಕ

ಒಂದು ವರ್ಷದ ವಿದ್ಯಾರ್ಥಿ ವಿನಿಮಯಕ್ಕೆ ಜರ್ಮನಿಯ ಮ್ಯೂನಿಕ್ ಆರಿಸದೆ ಅಲ್ಲಿಯದೇ ಯೇನಾ (Jena) ಅನ್ನುವ ಊರಿಗೆ ಹೋಗುತ್ತೇನೆ ಅಂದಾಗ ಗೊತ್ತಿದ್ದವರೆಲ್ಲ ನಕ್ಕರು. ‘ಜೇನಾ? ಜೇನುತುಪ್ಪದ ಊರಾ?’ ಅಂತ ಒಬ್ಬ. 2023ರ ಅಕ್ಟೋಬರ್‌ನಿಂದ ಒಂದು ವರ್ಷ ಮುಗಿಸಿ ವಾಪಸು ಬರುವಾಗ ಖಾತೆಯಲ್ಲಿ 1,500 ಯೂರೊ ಚಿಲ್ಲರೆ ಉಳಿದಿತ್ತು. ನಕ್ಕವರಲ್ಲೇ ಇಬ್ಬರು ಈಗ ಲೆಕ್ಕ ಕೇಳುತ್ತಿದ್ದಾರೆ. ವೀಸಾ, ಪ್ರವೇಶಪತ್ರ ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ, ಬಿಡಿ.

ಮೊದಲ ಪ್ರಯತ್ನ ಎಕ್ಸೆಲ್ ಶೀಟು. ಹದಿನಾಲ್ಕು ಕಾಲಂ: ರ‍್ಯಾಂಕಿಂಗ್, ಹವಾಮಾನ, ವಿಮಾನ ನಿಲ್ದಾಣದ ದೂರ, ಭಾರತೀಯ ಅಂಗಡಿ, ಇನ್ನೂ ಏನೇನೋ. ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ. ಮೂರು ವಾರ ಹಾಳು. ಅಂಕ ಸ್ವಲ್ಪ ಅತ್ತಿತ್ತ ಮಾಡಿದರೆ ಯಾವ ಊರನ್ನು ಬೇಕಾದರೂ ಮೊದಲ ಸಾಲಿಗೆ ತರಬಹುದು ಅಂತ ಆಮೇಲೆ ಗೊತ್ತಾಯಿತು. ನನ್ನ ಆಸೆಯನ್ನೇ ಶೀಟು ನನಗೆ ಓದಿ ಹೇಳುತ್ತಿತ್ತು, ಅಷ್ಟೇ. ದಿನಸಿ ಬೆಲೆಯ ಕಾಲಂ ಅಂತೂ ಶುದ್ಧ ದಂಡ. ಅಗ್ಗದ ಅಂಗಡಿಗಳಾದ ಆಲ್ಡಿ, ಲಿಡ್ಲ್‌ನಲ್ಲಿ ಅಕ್ಕಿ, ಹಾಲು, ಮೊಟ್ಟೆ ಜರ್ಮನಿಯ ಯಾವ ಊರಿನಲ್ಲೂ ಹೆಚ್ಚುಕಡಿಮೆ ಅದೇ ಬೆಲೆ. ಊರಿಂದ ಊರಿಗೆ ನಿಜವಾಗಿ ಬದಲಾಗುವುದು ಬಾಡಿಗೆ ಒಂದೇ.

ಅದಕ್ಕೇ ಲೆಕ್ಕವನ್ನು ತಲೆಕೆಳಗು ಮಾಡಿದೆ. ಆಗ ಬ್ಲಾಕ್ಡ್ ಅಕೌಂಟಿಗೆ (ವೀಸಾಕ್ಕಾಗಿ ವರ್ಷದ ಖರ್ಚನ್ನು ಮೊದಲೇ ಹಾಕಿಟ್ಟು ತಿಂಗಳಿಗಿಷ್ಟು ಅಂತ ಪಡೆಯುವ ಖಾತೆ) 11,208 ಯೂರೊ ಹಾಕಬೇಕಿತ್ತು, ಕೈಗೆ ಬರುವುದು ತಿಂಗಳಿಗೆ 934. (2024ರ ಸೆಪ್ಟೆಂಬರ್‌ನಿಂದ ಅದು 11,904, ತಿಂಗಳಿಗೆ 992 ಆಯಿತು.) ಮ್ಯೂನಿಕ್‌ನಲ್ಲಿ ಹಂಚಿಕೊಂಡ ಫ್ಲಾಟಿನ ಒಂದು ಕೋಣೆಗೇ ಸುಮಾರು 750. ಉಳಿದದ್ದು 184. ಅದರಲ್ಲಿ ಆರೋಗ್ಯ ವಿಮೆಗೆ 120 ಚಿಲ್ಲರೆ ಹೋದರೆ ತಿಂಗಳಿಡೀ ಊಟಕ್ಕೆ ಅರವತ್ತು ಯೂರೊ. ಪಾರ್ಟ್‌ಟೈಮ್ ಸಿಗುತ್ತೆ ಬಿಡು ಅನ್ನುತ್ತಾರೆ, ಆದರೆ ಜರ್ಮನ್ ಬಾರದವನಿಗೆ ಮೊದಲ ಸೆಮಿಸ್ಟರ್‌ನಲ್ಲೇ ಸಿಗುತ್ತೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ.

ಯೇನಾದ ಲೆಕ್ಕ ನೆನಪಿನಿಂದ ಹೇಳುತ್ತೇನೆ: ಹಾಸ್ಟೆಲ್ ಕೋಣೆ, ಹೀಟರ್-ನೀರು-ಇಂಟರ್ನೆಟ್ ಎಲ್ಲ ಸೇರಿ 275ರ ಆಸುಪಾಸು. ವಿಮೆ 122. ಸೆಮಿಸ್ಟರ್ ಶುಲ್ಕ 250ರ ಹತ್ತಿರ, ಅಂದರೆ ತಿಂಗಳಿಗೆ 42. ಊರಿನ ಟ್ರಾಮು, ಯೇನಾ ಇರುವ ತುರಿಂಗಿಯಾ ರಾಜ್ಯದೊಳಗಿನ ಲೋಕಲ್ ರೈಲು ಅದರಲ್ಲೇ ಬಂತು. ಫೋನಿಗೆ 10, ಊಟಕ್ಕೆ 180. ಒಟ್ಟು 630ರ ಆಸುಪಾಸು ಆಗುತ್ತಿತ್ತು.

ಬಾಡಿಗೆ ನೋಡುವಾಗ ಎಡವುವ ಒಂದು ಜಾಗ ಇದೆ. ಜಾಹೀರಾತಿನಲ್ಲಿ ‘ಕಾಲ್ಟ್’ ಅಂತಿದ್ದರೆ ಬರೀ ಕೋಣೆಯ ಬಾಡಿಗೆ. ‘ವಾರ್ಮ್’ ಅಂತಿದ್ದರೆ ಹೀಟರ್, ನೀರು ಸೇರಿದ್ದು, ಆದರೆ ವಿದ್ಯುತ್ತು ಹೊರಗೆ ಇರಬಹುದು, ಕೇಳಿಯೇ ತಿಳಿದುಕೊಳ್ಳಬೇಕು. ಇನ್ನೊಂದು, ರೇಡಿಯೊ-ಟಿವಿ ಶುಲ್ಕ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36. ಇಲ್ಲಿ ‘ಮನೆ’ ಅಂದರೆ ಏನು ಅನ್ನುವುದೇ ಗುಟ್ಟು. ನಾಲ್ಕು ಕೋಣೆಗೆ ಒಂದೇ ಮುಂಬಾಗಿಲಿದ್ದರೆ ನಾಲ್ವರೂ ಸೇರಿ ಒಂದು ಶುಲ್ಕ, ತಲೆಗೆ 4.59. ಎಲ್ಲರೂ ಓಡಾಡುವ ಕಾರಿಡಾರಿಗೇ ಪ್ರತಿ ಕೋಣೆಯ ಬಾಗಿಲು ತೆರೆದರೆ ಒಬ್ಬೊಬ್ಬರಿಗೂ ಪೂರ್ತಿ. ಹಾಸ್ಟೆಲ್ ಅರ್ಜಿಯಲ್ಲಿ ‘ವೇಗೇ’, ಅಂದರೆ ಹಂಚಿಕೊಂಡ ಫ್ಲಾಟಿನ ಕೋಣೆಗೆ ಗುರುತು ಹಾಕಿದ್ದು ಇದಕ್ಕೇ. ವರ್ಷಕ್ಕೆ 165 ಯೂರೊ ಉಳಿಯಿತು.

ಎರಡನೇ ಸೋಲು ಟ್ಯೂಬಿಂಗನ್. ಕನ್ನಡದವರಿಗೆ ಆ ಊರಿನ ಮೇಲೆ ಒಂದು ಮೋಹ ಇರುತ್ತದೆ. ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿಯ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಆ ಭಕ್ತಿಯಲ್ಲಿ ಒಂದು ಖಾಸಗಿ ಕೋಣೆ ಹಿಡಿಯಲು ಹೋಗಿ ಸುಮಾರು 300 ಯೂರೊ ಕಳೆದುಕೊಂಡೆ. ‘ಮಾಲೀಕ ಬೇರೆ ದೇಶದಲ್ಲಿದ್ದಾನೆ, ಅಡ್ವಾನ್ಸ್ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾನೆ’ ಅನ್ನುವ ಅದೇ ಹಳೇ ಮೋಸ. ಅಂದಹಾಗೆ, ವಿನಿಮಯ ಒಪ್ಪಂದವಿಲ್ಲದೆ ಸ್ವಂತ ಖರ್ಚಿನಲ್ಲಿ ಹೋಗುವವರು ಗಮನಿಸಿ: ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ. ಟ್ಯೂಬಿಂಗನ್, ಹೈಡೆಲ್‌ಬರ್ಗ್, ಫ್ರೈಬುರ್ಗ್ ಮೂರೂ ಅದರೊಳಗೇ ಬರುತ್ತವೆ.

ಕೊನೆಗೆ ಕೆಲಸಕ್ಕೆ ಬಂದ ವಿಧಾನ ಇದು. ಐದು ಊರಿನ ಹಾಸ್ಟೆಲ್ ಕಚೇರಿಗಳಿಗೆ ಒಂದೇ ದಿನ ಮೇಲ್ ಹಾಕಿದೆ. ವಿನಿಮಯದವರಿಗೆ ಕೋಣೆ ಮೀಸಲಿದೆಯೇ, ಕಾಯುವ ಪಟ್ಟಿ ಎಷ್ಟು ತಿಂಗಳು, ಕರಾರು ಯಾವ ತಾರೀಕಿಗೆ ಮುಗಿಯುತ್ತದೆ, ಮೂರೇ ಪ್ರಶ್ನೆ. ಮೇಲ್‌ನ ಬೇರೇನೂ ಕೇಳಲಿಲ್ಲ. ಎರಡು ವಾರದೊಳಗೆ ಸರಿಯಾದ ಉತ್ತರ ಬಂದದ್ದು ಎರಡು ಊರಿನಿಂದ, ಅದರಲ್ಲಿ ಒಂದು ಯೇನಾ. ಆ ಎರಡಕ್ಕೆ ಮಾತ್ರ ಪಾಠಗಳನ್ನು ತಾಳೆ ನೋಡಿದೆ. ‘ಇಂಗ್ಲಿಷ್‌ನಲ್ಲಿ ಲಭ್ಯ’ ಅನ್ನುವ ಚಂದದ ಪುಟ ನಂಬಬೇಡಿ, ಹಿಂದಿನ ವರ್ಷದ ಇದೇ ಸೆಮಿಸ್ಟರ್‌ನ ವೇಳಾಪಟ್ಟಿ ತೆಗೆಯಿರಿ. ಯೇನಾದ್ದು ವಿಶ್ವವಿದ್ಯಾಲಯದ ಫ್ರೀಡೊಲಿನ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಎಷ್ಟೋ ಕೋರ್ಸು ಚಳಿಗಾಲದ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತವೆ. ಬೇಕಾದ್ದು 30 ಕ್ರೆಡಿಟ್ ಆದರೆ 40ರಷ್ಟು ಹುಡುಕಿಟ್ಟುಕೊಳ್ಳಿ. ಅದರಲ್ಲಿ ಎರಡು ರದ್ದಾಗುತ್ತವೆ, ಒಂದು ಇನ್ನೊಂದರ ಸಮಯಕ್ಕೇ ಬೀಳುತ್ತದೆ.

ದುಡ್ಡು ಕಳಿಸುವಾಗ ಏಳು ಲಕ್ಷ ರೂಪಾಯಿ ಮೇಲಿನ ಮೊತ್ತಕ್ಕೆ ಟಿಸಿಎಸ್ (ಹೊರದೇಶಕ್ಕೆ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಹಿಡಿದರು, ಐದು ಪರ್ಸೆಂಟಿನಂತೆ ಹದಿನೈದು ಸಾವಿರ ಚಿಲ್ಲರೆ. ರಿಟರ್ನ್ಸ್ ಹಾಕಿದ ಮೇಲೆ ವಾಪಸು ಬಂತು, ಆದರೆ ಹೊರಡುವ ಹೊತ್ತಿಗೆ ಅಷ್ಟು ಹೊಂದಿಸಿಕೊಳ್ಳಬೇಕಲ್ಲ. (2025ರ ಏಪ್ರಿಲ್‌ನಿಂದ ಆ ಮಿತಿ ಹತ್ತು ಲಕ್ಷ.) ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಬೀಳಬೇಕಾದರೆ ಅಲ್ಲಿಯ ಬ್ಯಾಂಕ್ ಖಾತೆ ಬೇಕು, ಅದಕ್ಕೆ ನನಗೆ ವಿಳಾಸ ನೋಂದಣಿಯ ಚೀಟಿ ಕೇಳಿದರು, ಚೀಟಿಗೆ ಹಾಸ್ಟೆಲ್‌ನವರ ಸಹಿ ಬೇಕು. ಐದು ವಾರ ಹಿಡಿಯಿತು. ಕಾರ್ಡಿನಲ್ಲಿ 1,500 ಯೂರೊ ಇಲ್ಲದೆ ವಿಮಾನ ಹತ್ತಬೇಡಿ.

ತಲುಪುವ ದಿನವನ್ನೂ ಕ್ಯಾಲೆಂಡರ್ ನೋಡಿ ಇಟ್ಟುಕೊಳ್ಳಿ. ನನ್ನ ಕರಾರು ಶುರುವಾದದ್ದು ಅಕ್ಟೋಬರ್ 1, ಆವತ್ತು ಭಾನುವಾರ. 3ಕ್ಕೆ ಜರ್ಮನ್ ಏಕತಾ ದಿನದ ರಜೆ. ನಡುವೆ ಸೋಮವಾರ ಬೆಳಿಗ್ಗೆ ಮಾತ್ರ ಹೌಸ್‌ಮೈಸ್ಟರ್ (ಹಾಸ್ಟೆಲ್ ಕಟ್ಟಡ ನೋಡಿಕೊಳ್ಳುವವರು) ಕೀ ಕೊಡಲು ಕೂತಿದ್ದರು. ತಪ್ಪಿಸಿಕೊಂಡವರು ಬುಧವಾರದವರೆಗೆ ಹೋಟೆಲ್ ಬಾಡಿಗೆ ತೆತ್ತರು. ಯೇನಾದಲ್ಲಿ ಸ್ಟೇಷನ್ನುಗಳೂ ಮೂರ್ನಾಲ್ಕು. ಎರ್‌ಫುರ್ಟ್ ಕಡೆಯಿಂದ ಬಂದ ರೈಲು ಮೊದಲು ವೆಸ್ಟ್‌ನಲ್ಲಿ ನಿಲ್ಲುತ್ತದೆ. ಎಲ್ಲರೂ ಅಲ್ಲೇ ಇಳಿದು ಇಳಿಜಾರಿನಲ್ಲಿ ಪೆಟ್ಟಿಗೆ ಎಳೆಯುತ್ತಾರೆ. ಲೋಬೆಡಾ ಬಡಾವಣೆ ಕಡೆಯ ಹಾಸ್ಟೆಲ್ ಆದರೆ ಕೂತೇ ಇರಿ, ಮುಂದಿನ ಗ್ಯೋಶ್‌ವಿಟ್ಸ್‌ನಲ್ಲಿ ಇಳಿಯಿರಿ.

ನಡುವೆ ಒಂದು ಪ್ರಯೋಗ ಮಾಡಿದೆ: ಪಕ್ಕದ ಊರು ವೈಮಾರ್‌ನಲ್ಲಿ ಕೋಣೆ, ಯೇನಾದಲ್ಲಿ ಪಾಠ. ರೈಲು ಇಪ್ಪತ್ತು ನಿಮಿಷದೊಳಗೆ, ಟಿಕೆಟ್ ಹೇಗೂ ಶುಲ್ಕದಲ್ಲೇ ಇದೆ. ಎರಡು ವಾರ ಗೆಳೆಯನ ಕೋಣೆಯಲ್ಲಿದ್ದು ನೋಡಿದೆ. ಬಾಡಿಗೆಯಲ್ಲಿ ಹೇಳಿಕೊಳ್ಳುವಂಥ ಉಳಿತಾಯವಿಲ್ಲ, ಅಲ್ಲೂ ವಿಶ್ವವಿದ್ಯಾಲಯ ಇದೆಯಲ್ಲ. ಇನ್ನೊಂದು ಪ್ರಯೋಗ ಬೇಳೆಯದ್ದು. ಯೇನಾ ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಊರು, ನೀರು ಗಡಸು, ವಾರದಲ್ಲೇ ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿತು. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಕುದ್ದರೂ ಕಾಳುಕಾಳು. ಚಿಟಿಕೆ ಸೋಡಾ ಹಾಕಿದರೆ ಇಪ್ಪತ್ತೈದು ನಿಮಿಷ. ಕುಕ್ಕರ್ ಒಯ್ಯುವವರು ಸ್ಟೀಲಿನದು ಒಯ್ಯಿರಿ, ಇಂಡಕ್ಷನ್ ಒಲೆ ಸಿಕ್ಕರೆ ಅಲ್ಯುಮಿನಿಯಂ ಬಿಸಿಯೇ ಆಗುವುದಿಲ್ಲ.

ಕರಾರಿನ ಕೊನೆ ಮರೆಯಬೇಡಿ. ಪಾಠ ಜುಲೈನಲ್ಲೇ ಮುಗಿಯುತ್ತದೆ, ಕರಾರು ಸೆಪ್ಟೆಂಬರ್ 30ರವರೆಗೆ. ಖಾಲಿ ಕೋಣೆಗೆ ಎರಡು ತಿಂಗಳು ಅಂದರೆ 550 ಯೂರೊ. ಮೇ ತಿಂಗಳಲ್ಲೇ ಹಾಸ್ಟೆಲ್ ಕಚೇರಿಯ ಲಿಖಿತ ಒಪ್ಪಿಗೆ ಪಡೆದು ಆಗಸ್ಟ್-ಸೆಪ್ಟೆಂಬರ್‌ಗೆ ಒಬ್ಬನನ್ನು ಕೂರಿಸಿದೆ. ಅಡ್ವಾನ್ಸ್ ವಾಪಸು ಬರಲು ವಾರಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಜರ್ಮನ್ ಖಾತೆ ಮುಚ್ಚಬೇಡಿ. ನಾನು ಅವಸರಪಟ್ಟು ಮುಚ್ಚಿದೆ, ಭಾರತಕ್ಕೆ ಕಳಿಸಿದ ಶುಲ್ಕವೇ ಇಪ್ಪತ್ತು ಚಿಲ್ಲರೆ ಯೂರೊ ನುಂಗಿತು.