ಹಳೆಯ ಹಾಯಿದೋಣಿಗೆ ಹೊಸ ಹಗ್ಗ: ಬಿಡಿಭಾಗಗಳನ್ನು ನೀವೇ ಕಡೆದುಕೊಳ್ಳುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ 20ರಿಂದ 25 ನಾಟ್ ವೇಗದಲ್ಲಿ ಬೀಸುವುದು ದಿನನಿತ್ಯದ ಸಂಗತಿ. ಅಂಥ ಗಾಳಿಯಲ್ಲಿ ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವುದು ಅದರ ಎರಡೂ ಮಗ್ಗುಲಲ್ಲಿ ಬಿಗಿದಿರುವ ಶ್ರೌಡ್‌ಗಳು ಮತ್ತು ಹಿಂದೆ ಮುಂದೆ ಎಳೆದಿರುವ ಸ್ಟೇಗಳು. 1970ರ ದಶಕದಲ್ಲಿ ಕಟ್ಟಿದ ನನ್ನ 27 ಅಡಿಯ ಫೈಬರ್‌ಗ್ಲಾಸ್ ದೋಣಿಯಲ್ಲಿ ಇವೆಲ್ಲವೂ ಸ್ಟೀಲ್ ತಂತಿಯವು. ಒಂದು ವಸಂತದಲ್ಲಿ ಅವನ್ನು ಒರೆಸುತ್ತಿದ್ದಾಗ ಕೈಯಲ್ಲಿದ್ದ ಬಟ್ಟೆಯ ನೂಲು ತಂತಿಯ ಬುಡಕ್ಕೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ, ತಂತಿಯನ್ನು ಕೊಳವೆಯೊಳಗೆ ಒತ್ತಿ ಕೂರಿಸಿದ ಜಾಗದಲ್ಲಿ ಹತ್ತೊಂಬತ್ತು ಎಳೆಗಳ ಪೈಕಿ ಒಂದು ಮುರಿದು ಹೊರಗೆ ಚಾಚಿತ್ತು. ಉಪ್ಪುನೀರು ಆ ಕೊಳವೆಯೊಳಗೆ ಇಳಿದು ನಿಂತು ಒಳಗಿನಿಂದಲೇ ಕೊರೆಯುತ್ತದೆ. ಮೇಲೆ ತಂತಿ ಹೊಳೆಯುತ್ತಲೇ ಇರುತ್ತದೆ.

ತಂತಿಯ ಬದಲಿಗೆ ಡೈನೀಮಾ ಹಗ್ಗ ಹಾಕಲು ನಾನು ನಿರ್ಧರಿಸಿದೆ. ಇದು ಪಾಲಿಥೀನ್ ಜಾತಿಯ ನಾರು. ಅಷ್ಟೇ ಬಲದ ಸ್ಟೀಲಿಗಿಂತ ಎಷ್ಟೋ ಹಗುರ, ನೀರಿನಲ್ಲಿ ತೇಲುತ್ತದೆ, ತುಕ್ಕಿನ ಮಾತೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ತುದಿಗಳನ್ನು ಯಾವ ಯಂತ್ರವೂ ಇಲ್ಲದೆ ಕೈಯಿಂದಲೇ ಹೆಣೆಯಬಹುದು. ಆದರೆ ಹಗ್ಗ ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಳೆಯ ದೋಣಿಯ ಕಬ್ಬಿಣದ ಸಾಮಾನೆಲ್ಲ ತಂತಿಗೆಂದು ಮಾಡಿದ್ದು, ಹಗ್ಗಕ್ಕೆಂದು ಮಾಡಿದ್ದಲ್ಲ. ತಂತಿ ಒಂದು ಪಿನ್ನಿನ ಮೇಲೆ ನೇತಾಡಬಲ್ಲದು. ಹಗ್ಗಕ್ಕೆ ಬಾವಿಯ ರಾಟೆಯಂತೆ ಅಗಲವಾದ, ದುಂಡಾದ, ನುಣುಪಾದ ಆಸರೆ ಬೇಕು. ಆ ಆಸರೆಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಹಗ್ಗದ ದಪ್ಪವನ್ನು ನಿರ್ಧರಿಸಬೇಕು, ಏಕೆಂದರೆ ಉಳಿದೆಲ್ಲ ಅಳತೆಗಳೂ ಅದರಿಂದಲೇ ಹುಟ್ಟುತ್ತವೆ. 5 ಮಿ.ಮೀ. ಸ್ಟೀಲ್ ತಂತಿ ಸುಮಾರು 1,900 ಕಿಲೋ ಭಾರಕ್ಕೆ ತುಂಡಾಗುತ್ತದೆ, 6 ಮಿ.ಮೀ. ಡೈನೀಮಾ ಸುಮಾರು 3,900 ಕಿಲೋವರೆಗೆ ತಾಳುತ್ತದೆ. ಬಲ ಇಮ್ಮಡಿಯಾಯಿತಲ್ಲ, ಇನ್ನೂ ಸಪೂರವಾದುದು ಸಾಲದೇ ಎಂದು ಕೇಳಬಹುದು. ಸಾಲದು. ಈ ನಾರಿಗೆ ಸದಾ ಎಳೆತದಲ್ಲಿಟ್ಟರೆ ನಿಧಾನವಾಗಿ ಉದ್ದವಾಗುವ ಗುಣವಿದೆ, ಹಾಗೆ ಉದ್ದವಾದದ್ದು ಮತ್ತೆ ಕುಗ್ಗುವುದಿಲ್ಲ. ಆದ್ದರಿಂದ ದೋಣಿ ಸುಮ್ಮನೆ ಕಟ್ಟಿ ನಿಂತಿರುವಾಗ ಹಗ್ಗದ ಮೇಲಿರುವ ಎಳೆತ ಅದರ ಒಟ್ಟು ಸಾಮರ್ಥ್ಯದ ಶೇ 10ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳಬೇಕು. ಹಳೆಯ ತಂತಿಯನ್ನು ಅದರ ಬಲದ ಶೇ 15ರಷ್ಟು ಬಿಗಿದಿದ್ದರೆ ಆ ಎಳೆತ 285 ಕಿಲೋ, 6 ಮಿ.ಮೀ. ಹಗ್ಗಕ್ಕೆ ಅದು ಶೇ 7 ಮಾತ್ರ. ಇಷ್ಟಿದ್ದರೆ ನೆಮ್ಮದಿ.

ಇನ್ನು ಮೇಲಿನ ತುದಿ. ಕಂಬದ ಟ್ಯಾಂಗ್ ಎಂಬ ಪಟ್ಟಿಯಲ್ಲಿ ತಂತಿಯ ಕಣ್ಣನ್ನು, ಎಂದರೆ ತುದಿಯ ಕುಣಿಕೆಯನ್ನು, ಪಿನ್ನು ಹಿಡಿದಿರುತ್ತದೆ. ಅದೇ ಪಿನ್ನಿನ ಮೇಲೆ ಹೊಲಿಗೆ ಯಂತ್ರದ ಬಾಬಿನ್ ಆಕಾರದ ಒಂದು ಗಾಲಿಯನ್ನು ಕೂರಿಸಬೇಕು. ಇದನ್ನು 6061-ಟಿ6 ದರ್ಜೆಯ ಅಲ್ಯೂಮಿನಿಯಂ ದುಂಡು ಸರಳಿನಿಂದ ಲೇತ್ ಮೇಲೆ ಕಡೆಯಬಹುದು. ಹಗ್ಗ ಬಾಗುವ ಜಾಗದ ವ್ಯಾಸ ಹಗ್ಗದ ದಪ್ಪದ ಐದು ಪಟ್ಟಾದರೂ ಇರಬೇಕು ಎಂಬುದು ಲೆಕ್ಕ. ಹಾಗಾಗಿ 6 ಮಿ.ಮೀ. ಹಗ್ಗಕ್ಕೆ ಕೊರಕಲಿನ ತಳದ ವ್ಯಾಸ 30 ಮಿ.ಮೀ., ಕೊರಕಲಿನ ಅಗಲ 7 ಮಿ.ಮೀ., ಅದರ ತಳ ಅರ್ಧಚಂದ್ರಾಕಾರ. ಟ್ಯಾಂಗಿನ ಎರಡು ಪಟ್ಟಿಗಳ ನಡುವಿನ ಜಾಗವನ್ನು ಕಡೆಯುವ ಮೊದಲೇ ಅಳೆಯಿರಿ. ಜಾಗ ಸಾಲದಿದ್ದರೆ 316 ದರ್ಜೆಯ ಸ್ಟೀಲಿನ ಎರಡು ಪಕ್ಕದ ಪಟ್ಟಿಗಳನ್ನು ಕತ್ತರಿಸಿ, ಗಾಲಿಯನ್ನು ಟ್ಯಾಂಗಿನ ಕೆಳಗೆ ತೂಗುಬಿಡಬೇಕಾಗುತ್ತದೆ.

ಕಡೆದ ಮೇಲಿನ ಕೆಲಸಕ್ಕೆ ಕಡೆಯುವುದಕ್ಕಿಂತ ಹೆಚ್ಚು ಹೊತ್ತು ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕೊರಕಲಿನ ಎರಡೂ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಅನಂತರ 220, 400, 800ನೇ ನಂಬರಿನ ಸ್ಯಾಂಡ್ ಪೇಪರನ್ನು ಆ ಕ್ರಮದಲ್ಲೇ ಬಳಸಬೇಕು. ನುಣುಪಾಗಿದೆಯೇ ಎಂದು ಪರೀಕ್ಷಿಸಲು ಬೆರಳು ಸಾಲದು. ಒಂದು ಹಳೆಯ ನೈಲಾನ್ ಕಾಲುಚೀಲವನ್ನು ಕೊರಕಲಿನ ಸುತ್ತ ಎಳೆಯಿರಿ. ಎಲ್ಲಿ ಒಂದು ನೂಲು ತಡೆಯುತ್ತದೆಯೋ ಅಲ್ಲೇ ಮುಂದೊಂದು ದಿನ ಹಗ್ಗ ಸವೆಯುತ್ತದೆ. ನನ್ನ ಮೊದಲ ಗಾಲಿಯಲ್ಲಿ ಕಾಲುಚೀಲ ಮೂರು ಕಡೆ ಸಿಕ್ಕಿಕೊಂಡಿತ್ತು, ಕಣ್ಣಿಗೆ ಮಾತ್ರ ಏನೂ ಕಂಡಿರಲಿಲ್ಲ.

ಕೆಳಗಿನ ತುದಿಗೆ, ತಂತಿಯನ್ನು ತಿರುಪಿ ಬಿಗಿಯುವ ಟರ್ನ್‌ಬಕಲ್ ಬದಲು, ಡೆಡ್‌ಐ ಎಂಬ ಬಿಲ್ಲೆ ಮತ್ತು ಸಪೂರ ಹಗ್ಗದ ಕಟ್ಟು. ಹಿಂದಿನ ಕಾಲದ ಹಡಗುಗಳಲ್ಲಿ ಈ ಬಿಲ್ಲೆಯನ್ನು ಗಟ್ಟಿಮರದಲ್ಲಿ ಮಾಡುತ್ತಿದ್ದರು. ನಾವು ಅಲ್ಯೂಮಿನಿಯಂನಲ್ಲಿ ಮಾಡೋಣ. 60 ಮಿ.ಮೀ. ಸರಳಿನಿಂದ 20 ಮಿ.ಮೀ. ದಪ್ಪದ ಬಿಲ್ಲೆಯನ್ನು ಕತ್ತರಿಸಿ, ಅದರ ಸುತ್ತಂಚಿನಲ್ಲಿ 5 ಮಿ.ಮೀ. ಆಳದ ಕೊರಕಲು ತೆಗೆಯಿರಿ. ಶ್ರೌಡಿನ ಕಣ್ಣು ಈ ಕೊರಕಲಿನಲ್ಲಿ ಕೂರುತ್ತದೆ. ಬಿಲ್ಲೆಯ ಮುಖದ ಮೇಲೆ 26 ಮಿ.ಮೀ. ವ್ಯಾಸದ ವೃತ್ತ ಗೀಚಿ, ಅದರ ಮೇಲೆ ಸಮದೂರದಲ್ಲಿ ಮೂರು ಗುರುತು ಹಾಕಿ, 9 ಮಿ.ಮೀ. ತೂತು ಕೊರೆಯಿರಿ. ತೂತುಗಳ ಬಾಯಿಯನ್ನು ಎರಡೂ ಕಡೆ ತುತ್ತೂರಿಯ ಬಾಯಿಯಂತೆ ಅಗಲಿಸಿ ನುಣುಪು ಮಾಡಬೇಕು. ಕಟ್ಟುವ ಹಗ್ಗ ಬಾಗುವುದು ಅಲ್ಲೇ.

ಶ್ರೌಡಿನ ಕೆಳತುದಿಯನ್ನು ದೋಣಿಗೆ ಹಿಡಿದಿಡುವ, ಡೆಕ್ಕಿನ ಚೈನ್‌ಪ್ಲೇಟ್ ಎಂಬ ಲೋಹದ ಪಟ್ಟಿಯ ತೂತಿನೊಳಗೆ ಹಗ್ಗವನ್ನು ನೇರವಾಗಿ ತೂರಿಸಲೇಬೇಡಿ, ಅದರ ಅಂಚು ಚಾಕುವಿನಂತೆ. ಅಲ್ಲಿಗೊಂದು ಸ್ಟೀಲಿನ ಬಿಲ್ಲು ಶ್ಯಾಕಲ್ (ಬಿಲ್ಲಿನಂತೆ ಬಾಗಿದ, ಪಿನ್ನಿನಿಂದ ಮುಚ್ಚುವ ಕೊಂಡಿ) ಹಾಕಿ, ಅದರ ದುಂಡು ಬಾಗಿನ ಮೇಲೆ ಕಟ್ಟು ಓಡಲಿ.

ಹಗ್ಗದ ಕಣ್ಣು ಹೆಣೆಯುವುದು ಜಡೆ ಹೆಣೆದಷ್ಟೇ ಸಲೀಸು, ಆದರೆ ಅಳತೆ ತಪ್ಪಬಾರದು. ಹನ್ನೆರಡು ಎಳೆಗಳ ಈ ಹಗ್ಗ ಒಳಗೆ ಟೊಳ್ಳು. ಗಾಲಿಯ ಸುತ್ತ ಬರುವಷ್ಟು ಕಣ್ಣು ಬಿಟ್ಟು, ತುದಿಯನ್ನು ಮುಖ್ಯ ಹಗ್ಗದ ಮೂಲಕವೂ ಮುಖ್ಯ ಹಗ್ಗವನ್ನು ತುದಿಯ ಮೂಲಕವೂ ಒಮ್ಮೊಮ್ಮೆ ದಾಟಿಸಿದರೆ ಬ್ರಮ್ಮೆಲ್ ಎಂಬ ಬೀಗ ಬೀಳುತ್ತದೆ. ಬೀಗ ಜಾರದಂತೆ ಹಿಡಿಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಭಾರ ಹೊರುವುದು ಹಗ್ಗದ ಹೊಟ್ಟೆಯೊಳಗೆ ಹುದುಗಿಸಿದ ಬಾಲ. ಅದರ ಉದ್ದ ದಪ್ಪದ 72 ಪಟ್ಟು, ಎಂದರೆ 6 ಮಿ.ಮೀ. ಹಗ್ಗಕ್ಕೆ 43 ಸೆಂ.ಮೀ. ಗೋಣಿ ಹೊಲಿಯುವ ದಬ್ಬಳದಂಥ ಟೊಳ್ಳು ಸೂಜಿಯಿಂದ ಅದನ್ನು ಒಳಗೆಳೆಯಬಹುದು. ಎಳೆಯುವ ಮೊದಲು ಬಾಲದ ಕೊನೆಯ ಭಾಗದಲ್ಲಿ ಒಂದೊಂದೇ ಎಳೆಯನ್ನು ಅಂತರ ಬಿಟ್ಟು ಕತ್ತರಿಸುತ್ತ ಇಲಿಯ ಬಾಲದಂತೆ ಸಪೂರ ಮಾಡಿ. ಇಲ್ಲದಿದ್ದರೆ ದಪ್ಪ ಹಠಾತ್ತನೆ ಮುಗಿದ ಕಡೆ ಹಗ್ಗ ದುರ್ಬಲವಾಗುತ್ತದೆ. ಕಣ್ಣಿನ ಉದ್ದ ಗಾಲಿಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗದಿರಲಿ.

ಹೆಣೆದ ಹಗ್ಗವನ್ನು ಹಾಗೆಯೇ ಕಂಬಕ್ಕೇರಿಸಬಾರದು. ಎರಡು ಗಟ್ಟಿ ಗೂಟಗಳ ನಡುವೆ ಕಟ್ಟಿ, ಚೈನ್ ಹಾಯಿಸ್ಟ್ ಮತ್ತು ತೂಕದ ಮಾಪಕ ಹಾಕಿ, 1,000 ಕಿಲೋವರೆಗೆ ಎಳೆದು ರಾತ್ರಿಯಿಡೀ ಬಿಡಿ. ಹೆಣಿಗೆ ಕೂತುಕೊಂಡು ಹಗ್ಗ ಉದ್ದವಾಗುತ್ತದೆ. ಆ ಮೇಲೆಯೇ ಕೆಳಗಿನ ಕಣ್ಣಿನ ಅಳತೆ ತೆಗೆಯಬೇಕು. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಪೇಟೆಯಲ್ಲಿ ಕೊಂಡ, ಹಗ್ಗದ ಕಣ್ಣಿನೊಳಗೆ ಕೂರಿಸುವ ತೆಳು ತಗಡಿನ ಬಳೆ, ಥಿಂಬಲ್, ಒಂದನ್ನು ನಾನು ಮೊದಲು ಇದೇ ರೀತಿ ಪರೀಕ್ಷಿಸಿದ್ದೆ. 600 ಕಿಲೋ ದಾಟುವ ಮೊದಲೇ ಅದು ಹಪ್ಪಳದಂತೆ ಮಡಚಿಕೊಂಡಿತು. ಅದು ಕಂಬದ ತುದಿಯಲ್ಲಿ ಆಗದೆ ಹಿತ್ತಲಿನಲ್ಲಿ ಆದದ್ದು ನನ್ನ ಪುಣ್ಯ.

ಜೋಡಿಸುವಾಗ ಒಂದು ಸಲಕ್ಕೆ ಒಂದೇ ಶ್ರೌಡನ್ನು ಬದಲಿಸಿ, ಅಷ್ಟು ಹೊತ್ತು ಹಾಯಿ ಏರಿಸುವ ಹಗ್ಗವನ್ನು ಆ ಮಗ್ಗುಲಿಗೆ ಬಿಗಿದು ಕಂಬಕ್ಕೆ ಆಧಾರ ಕೊಡಿ. ಅಲ್ಯೂಮಿನಿಯಂ ಮತ್ತು ಸ್ಟೀಲು ಉಪ್ಪುನೀರಿನಲ್ಲಿ ಒಂದನ್ನೊಂದು ತಾಕಿದರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಪಿನ್ನಿಗೆ ನಿರೋಧಕ ಪೇಸ್ಟ್ ಬಳಿದು ಗಾಲಿಯ ಎರಡೂ ಪಕ್ಕ ನೈಲಾನ್ ವಾಷರ್ ಹಾಕಬೇಕು. 4 ಮಿ.ಮೀ. ಡೈನೀಮಾವನ್ನು ಬಿಲ್ಲೆಗೂ ಶ್ಯಾಕಲ್‌ಗೂ ನಡುವೆ ಮೂರು ಸುತ್ತು ಓಡಿಸಿದರೆ ಆರು ಎಳೆಗಳಾಗುತ್ತವೆ. ಅಷ್ಟಾದರೆ ಬಾಗುವಿಕೆಯಿಂದ ಅರ್ಧ ಬಲ ಹೋದರೂ ಕಟ್ಟು ಶ್ರೌಡಿಗಿಂತ ಗಟ್ಟಿ. ಈ ಕಟ್ಟಿನ ಹಗ್ಗದ ಬಾಲವನ್ನು ವಿಂಚಿಗೆ (ಹಗ್ಗ ಸುತ್ತಿ ಎಳೆಯುವ ತಿರುಗಣೆಗೆ) ಒಯ್ದು ಎಳೆದು, ಎಲ್ಲ ಎಳೆಗಳನ್ನೂ ಸೇರಿಸಿ ನಾಲ್ಕೈದು ಅರೆಗಂಟು ಹಾಕಿ. ಶ್ರೌಡನ್ನು ಕಂಬದಿಂದ ದೂರ ಚಾಚಿ ಹಿಡಿಯುವ ಸ್ಪ್ರೆಡರ್ ಎಂಬ ಅಡ್ಡಕೋಲಿನ ತುದಿಗೆ ತೊಗಲು ಹೊಲಿಯುವುದನ್ನು ಮರೆಯಬೇಡಿ. ಮುಂದಿನ ಸ್ಟೇಯನ್ನು ಮಾತ್ರ ನಾನು ತಂತಿಯಲ್ಲೇ ಉಳಿಸಿದ್ದೇನೆ: ಮುಂಹಾಯಿಯ ಲೋಹದ ಕೊಕ್ಕೆಗಳು ಅದರ ಮೇಲೆ ಏರಿಳಿಯುತ್ತಲೇ ಇರುತ್ತವೆ, ಹಗ್ಗಕ್ಕೆ ಆ ಉಜ್ಜಾಟ ಒಗ್ಗುವುದಿಲ್ಲ.

ಮೊದಲ ಮೂರು ನಾಲ್ಕು ಸಲ ದೋಣಿ ನಡೆಸಿ ಬಂದಾಗಲೆಲ್ಲ ಕಟ್ಟು ಬಿಚ್ಚಿ ಮತ್ತೆ ಬಿಗಿಯಬೇಕಾಗುತ್ತದೆ. ಚಳಿಯ ಬೆಳಗ್ಗೆ ಶ್ರೌಡುಗಳು ಸಡಿಲವಾಗಿ ಕಂಡರೆ ಗಾಬರಿಯಾಗಬೇಡಿ. ತಂಪಿಗೆ ಅಲ್ಯೂಮಿನಿಯಂ ಕಂಬ ಕುಗ್ಗುತ್ತದೆ, ಡೈನೀಮಾ ಮಾತ್ರ ಅದಕ್ಕೆ ತದ್ವಿರುದ್ಧವಾಗಿ ತುಸು ಉದ್ದವಾಗುತ್ತದೆ. ತಾಪಮಾನ 20 ಡಿಗ್ರಿ ಇಳಿದರೆ 10 ಮೀಟರಿಗೆ ಸುಮಾರು 7 ಮಿ.ಮೀ. ವ್ಯತ್ಯಾಸ ಬರುತ್ತದೆ. ಬಿಸಿಲು ಹೊರಗಿನ ನಾರುಗಳನ್ನು ವರ್ಷದಿಂದ ವರ್ಷಕ್ಕೆ ತಿನ್ನುತ್ತದೆಯಾದ್ದರಿಂದ, ಹಾಕಿದ ತಿಂಗಳು ಮತ್ತು ವರ್ಷವನ್ನು ಪ್ರತಿ ಬಿಲ್ಲೆಯ ಮುಖದ ಮೇಲೆ ಅಚ್ಚೊತ್ತಿಡಿ. ಐದಾರು ವರ್ಷಕ್ಕೆ ಹಗ್ಗ ಬದಲಾಗುತ್ತದೆ. ಗಾಲಿಯೂ ಬಿಲ್ಲೆಯೂ, ಕಾಲುಚೀಲದ ಪರೀಕ್ಷೆ ಮತ್ತೆ ದಾಟಿದರೆ, ಹೊಸ ಹಗ್ಗಕ್ಕೂ ಅವೇ ಆಗುತ್ತವೆ.