ರೇಂಜ್ ಬ್ಯಾಗನ್ನು ಬೆಂಗಳೂರಿಗೆ ಒಯ್ಯಬೇಡಿ

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಕಲಿಯಹೊರಟ ಬೆಂಗಳೂರಿನವರು ಮೊದಲು ತಮ್ಮ ವೀಸಾ ನೋಡಿಕೊಳ್ಳಿ. ಗ್ರೀನ್ ಕಾರ್ಡಿನವರಿಗೆ ವೀಸಾದ ಈ ತೊಡಕಿಲ್ಲ. ಎಚ್-1ಬಿ (ಕೆಲಸದ), ಎಫ್-1 (ವಿದ್ಯಾರ್ಥಿ) ವೀಸಾ ಇದ್ದವರಿಗೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ, ಫೆಡರಲ್ ಕಾನೂನಿನಡಿ ಬಂದೂಕೂ ಗುಂಡೂ ನಿಷಿದ್ಧ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಬಾಡಿಗೆಗೆ ಹಿಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಕೊಳ್ಳುವವರಿಗೆ ತರಬೇತಿ ಆಗಿರಲೇಬೇಕೆಂದು ಫೆಡರಲ್ ಕಾನೂನು ಹೇಳುವುದಿಲ್ಲ. ಭಾರತದ 2016ರ ನಿಯಮ ಲೈಸೆನ್ಸಿಗೆ ಸುರಕ್ಷತಾ ತರಬೇತಿ ಕೇಳುತ್ತದೆ. ಇದರಲ್ಲಿ ನಮ್ಮದೇ ವಾಸಿ.

ಪಿಸ್ತೂಲು ತೆಗೆದು ಹೊಡೆಯುವ ವೇಗ ಬರುವುದು ಮನೆಯಲ್ಲಿ, ಗುಂಡಿಲ್ಲದೆ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುಭಾಗ) ಎಳೆದು, ಗುಂಡು ಕೂರುವ ಚೇಂಬರಿಗೆ ಬೆರಳಿಟ್ಟೂ ನೋಡಿ. ಗುಂಡು ತಡೆಯಬಲ್ಲ ಗೋಡೆಯತ್ತ ದಿನಕ್ಕೆ ಹತ್ತು ನಿಮಿಷ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಸಾಕು. ಹೋಲ್‌ಸ್ಟರ್‌ನಿಂದ (ಪಿಸ್ತೂಲಿನ ಒರೆಯಿಂದ) ತೆಗೆದು ಟ್ರಿಗರ್ ಒತ್ತಲು ಟೈಮರಿನಲ್ಲಿ 3 ಸೆಕೆಂಡ್ ಇಡಿ. ಒತ್ತುವಾಗ ಸೈಟ್ (ಗುರಿ ಹಿಡಿಯುವ ಗುರುತು) ಅಲುಗದಿದ್ದರೆ ಮಾತ್ರ 2ಕ್ಕೆ ಇಳಿಸಿ. ರೇಂಜಿನಲ್ಲಿ 5 ಗಜದಿಂದ ಶುರು. ಐದು ಗುಂಡೂ ಅಂಗೈ ಅಗಲದಲ್ಲಿ ಬಿದ್ದ ಮೇಲೆ 7 ಗಜ. ಬಲಗೈಯವರ ಗುಂಡು ಎಡಕ್ಕೆ, ಕೆಳಗೆ ಬೀಳುತ್ತಿದ್ದರೆ ಸೈಟ್ ಮುಟ್ಟಬೇಡಿ. ಸದ್ದಿಗೆ ಮುಂಚೆಯೇ ಕೈ ಬೆಚ್ಚುತ್ತಿರಬಹುದು. ಜೊತೆಗಿದ್ದವರಿಗೆ ಹೇಳಿ ಮ್ಯಾಗಜೀನಿನಲ್ಲಿ ಒಂದೆರಡು ಡಮ್ಮಿ (ಸಿಡಿಯದ) ಗುಂಡು ಬೆರೆಸಿಸಿ. ಡಮ್ಮಿ ಬಂದಾಗ ನಳಿಗೆ ತಗ್ಗಿದರೆ ರೋಗ ಅದೇ. ಹೋಲ್‌ಸ್ಟರ್‌ನಿಂದ ತೆಗೆದು ಹೊಡೆಯಲು ಬಹಳ ರೇಂಜುಗಳು ಬಿಡುವುದಿಲ್ಲ. ಅದಕ್ಕೆ ಐಡಿಪಿಎ, ಯುಎಸ್‌ಪಿಎಸ್‌ಎ ಎಂಬ ಶೂಟಿಂಗ್ ಸಂಘಗಳ ಪಂದ್ಯಗಳಿವೆ.

ಆದರೆ ದುಡ್ಡೂ ರಜೆಯೂ ಹಾಳಾಗುವುದು ಊರಿಗೆ ಹೋದಾಗ. ರೇಂಜಿಗೆ ಒಯ್ಯುವ ಬ್ಯಾಕ್‌ಪ್ಯಾಕನ್ನೇ ವಿಮಾನಕ್ಕೂ ಹೆಗಲಿಗೇರಿಸುತ್ತಾರೆ. ಯಾವುದೋ ಜೇಬಿನ ಮೂಲೆಯಲ್ಲಿ ಒಂದು 9 ಎಂಎಂ ಗುಂಡು. ಹೋಗುವಾಗ ಯಾರ ಕಣ್ಣಿಗೂ ಬೀಳದ್ದು, ವಾಪಸ್ ಹೊರಟಾಗ ಕೆಂಪೇಗೌಡ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣುತ್ತದೆ. ನಿಲ್ದಾಣ ಕಾಯುವ ಸಿಐಎಸ್‌ಎಫ್‌ನವರು ಪೊಲೀಸರಿಗೆ ಒಪ್ಪಿಸುತ್ತಾರೆ. ವಿಮಾನ ತಪ್ಪಿತು ಅಂತಲೇ ತಿಳಿಯಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಹಾಕಲು ಲೈಸೆನ್ಸಿಲ್ಲದ ಒಂದೇ ಗುಂಡು ಸಾಕು. ಅಮೆರಿಕದ ಪರ್ಮಿಟ್ ಅಲ್ಲಿ ಬರೀ ಕಾಗದ. ಗುಂಡಿನ ಬಿಡಿಭಾಗವೂ ಕಾಯ್ದೆಯ ವ್ಯಾಖ್ಯೆಯಲ್ಲಿರುವುದರಿಂದ ಹೊಡೆದ ಗುಂಡಿನ ಖಾಲಿ ಕೋಶಕ್ಕೂ ಪಂಚಾಯಿತಿ ತಪ್ಪದು. ಬ್ಯಾಗಿನಲ್ಲಿರುವುದು ಗೊತ್ತೇ ಇರಲಿಲ್ಲ ಎಂಬ ವಾದಕ್ಕೆ ಸುಪ್ರೀಂ ಕೋರ್ಟಿನ 1972ರ ತೀರ್ಪಿನ ಬಲವಿದೆ, ನಿಜ. ಆದರೆ ಅದನ್ನು ಹೇಳಲು ವಕೀಲರನ್ನು ಹಿಡಿದು ಹೈಕೋರ್ಟಿಗೆ ಅಲೆಯಬೇಕು, ಇತ್ತ ಆಫೀಸಿನ ರಜೆ ಮುಗಿದಿರುತ್ತದೆ.

ಅಮೆರಿಕದೊಳಗೆ ಚೆಕ್-ಇನ್ ಲಗೇಜಿನಲ್ಲಿ, ಸರಿಯಾದ ಪೆಟ್ಟಿಗೆಯಲ್ಲಿಟ್ಟು ಗುಂಡು ಸಾಗಿಸಬಹುದು. ಈ ಸಲಿಗೆಯೇ ಮೈಮರೆಸುವುದು. ರೇಂಜಿಗೇ ಅಂತ ಒಂದು ಬ್ಯಾಗ್ ಇಡಿ, ಅದು ಕಾರಿನ ಡಿಕ್ಕಿ ಬಿಟ್ಟು ಬೇರೆಲ್ಲಿಗೂ ಹೋಗದಿರಲಿ. ಊರಿಗೆ ಒಯ್ಯುವ ಜಾಕೆಟ್, ಜೀನ್ಸ್, ಷೂಗಳನ್ನು ತಲೆಕೆಳಗು ಮಾಡಿ ಕೊಡವಿ. ಗುಂಡಿನ ಕೀಚೈನು, ಡಮ್ಮಿ ಗುಂಡು ಇಲ್ಲೇ ಇರಲಿ. ಎಕ್ಸ್‌ರೇಯಲ್ಲಿ ಅವೂ ಗುಂಡಿನಂತೆಯೇ ಕಾಣುತ್ತವೆ.